ನನ್ನ ಮಾರಿ ನೋಡಿ ಕೊಟ್ಟವರು

ಹೋದ ವಾರ ಲಕ್ಷ್ಮೇಶ್ವರದಿಂದ ಬೆಟಗೇರಿಗೆ ಮರಳುವಾಗ ಬಸ್ಸು ಅಡರಕಟ್ಟಿಯಲ್ಲಿ ನಿಂತಿತು. ಹಿಂದಿನ ದಿನ ಮಳೆಯಾಗಿ ಅಂದು ಬಿಸಿಲು ಬಿದ್ದಿತ್ತು. ರಸ್ತೆಯ ಮಗ್ಗುಲಲ್ಲೇ ಯಾರೋ ಹೆಸರುಕಾಳು ಒಕ್ಕಿ ಹೊಟ್ಟಿನ ಗುಡ್ಡೆ ಹಾಕಿದ್ದರು. ತೊಯ್ದ ಹೊಟ್ಟು ಬಿಸಿಲಿಗೆ ಕಾದು, ಹುಳಿ ಬೆರೆತಂಥ ಬೆಚ್ಚಗಿನ ವಾಸನೆ ಕಿಟಕಿಯೊಳಗೆ ಬಂತು. ನಾನು ಸೆರಗನ್ನು ಮೂಗಿಗೆ ಒತ್ತಿಕೊಂಡು ಮುಖ ಆಚೆ ತಿರುಗಿಸಿದೆ.

ಪಕ್ಕದಲ್ಲಿ ಕೂತ ಹೆಂಗಸು, "ಧೂಳಾತೇನ್ರಿ? ಕಿಟಕಿ ಹಾಕ್ರಿ" ಅಂದಳು.

ಧೂಳಲ್ಲ ಎಂದು ಅವಳಿಗೆ ಹೇಳಲಿಲ್ಲ. ಆ ಊರಿನಲ್ಲಿ ಯಾರಾದರೂ ನನ್ನ ಗುರುತು ಹಿಡಿದಾರು ಎಂಬ ಅಂಜಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಬಸ್ಸು ಹೊರಟ ಮೇಲೂ ಆ ವಾಸನೆ ನನ್ನ ಜೊತೆಗೇ ಬಂತು, ಅದರ ಜೊತೆ ಆ ಒಂದು ಶ್ರಾವಣವೂ ಬಂತು.

ನಾವು ಬೆಟಗೇರಿಯ ನೇಕಾರರು. ಪಡಸಾಲೆಯಲ್ಲೇ ಕುಣಿಮಗ್ಗ ಇದೆ. ನನ್ನ ಗಂಡ ಈರಣ್ಣ ಅದರ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಊಟಕ್ಕೆ ಏಳಿಸುವುದೇ ಒಂದು ಕೆಲಸ. ಮೊದಲೆಲ್ಲ ಅವರು ನೇಯ್ದದ್ದನ್ನು ಗದಗಿನ ಅಂಗಡಿಗಳಿಗೆ ಹಾಕುತ್ತಿದ್ದೆವು. ಕೊರೋನಾ ಕಾಲದಲ್ಲಿ ಅಂಗಡಿಗಳು ಮುಚ್ಚಿ, ಮಗ್ಗದಿಂದ ಇಳಿದ ಸೀರೆಗಳು ಟ್ರಂಕಿನಲ್ಲೇ ಉಳಿದವು. ಆಗ ನಾನೇ ಒಂದೊಂದನ್ನು ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಫೋಟೊ ತೆಗೆಸಿಕೊಂಡು ಗುರುತಿನವರಿಗೆ ಕಳಿಸತೊಡಗಿದೆ. ಅವರು ತಮ್ಮ ಗುರುತಿನವರಿಗೆ ಕಳಿಸಿದರು. ಮೆಸೇಜ್ ಆ್ಯಪಿನಲ್ಲಿ ಒಂದು ಗ್ರೂಪ್ ಆಯಿತು. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ, ಸುತ್ತಲಿನ ಹಳ್ಳಿಗಳ ಹೆಂಗಸರೆಲ್ಲ ಅದರಲ್ಲಿ ಸೇರಿದರು. ನಾನು ಮೊದಲಿನಿಂದ ಇಟ್ಟುಕೊಂಡ ರೀತಿ ಒಂದೇ: ಸೀರೆ ನಿಮ್ಮ ಕೈಗೆ ಮುಟ್ಟಲಿ, ಬಿಚ್ಚಿ ನೋಡಿರಿ, ಮನಸ್ಸಿಗೆ ಬಂದರೆ ದುಡ್ಡು ಹಾಕಿರಿ. ಹೀಗೆ ಕೊಟ್ಟದ್ದಕ್ಕೆ ಯಾರೂ ನನ್ನನ್ನು ಮುಳುಗಿಸಲಿಲ್ಲ.

ಸುಳ್ಳು ಯಾಕೆ ಹೇಳಲಿ, ನನಗೆ ಅದರಲ್ಲಿ ಸ್ವಲ್ಪ ಜಂಬವೂ ಬಂದಿತ್ತು. ಮುಂಡರಗಿಯ ಸಂತೆಯಲ್ಲಿ ಒಮ್ಮೆ ಗುರುತಿಲ್ಲದ ಹುಡುಗಿಯೊಬ್ಬಳು ನನ್ನನ್ನು ನಿಲ್ಲಿಸಿ, "ನೀವು ಸೀರಿ ಸುವರ್ಣಕ್ಕ ಹೌದಲ್ಲರಿ?" ಎಂದು ಕೇಳಿದ್ದಳು. ಮನೆಗೆ ಬಂದು ಗಂಡನಿಗೆ ಅದನ್ನು ಹೇಳಿದೆ. ಅವರು ಲಾಳಿ ಎಸೆಯುತ್ತಲೇ, "ಸೀರಿ ನೇದಾಂವ ನಾ. ಹೆಸರು ನಿಂದು" ಎಂದು ನಕ್ಕಿದ್ದರು.

ಆ ದಿನಗಳಲ್ಲಿ ನನಗೆ ಹತ್ತಿರದವಳಾದವಳು ಲಕ್ಷ್ಮೇಶ್ವರದ ಶಮೀಮ್. ಬ್ಲೌಸ್ ಹೊಲಿಯುವವಳು. ತನ್ನ ಹತ್ತಿರ ಹೊಲಿಸಲು ಬಂದವರಿಗೆಲ್ಲ ನನ್ನ ಸೀರೆಗಳನ್ನು ತೋರಿಸುತ್ತಿದ್ದಳು. ಉರ್ದು ಶಾಲೆಗೆ ಹೋದವಳಾದ್ದರಿಂದ ಅವಳಿಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಏನೇ ಇದ್ದರೂ ದನಿಯಲ್ಲೇ ಕಳಿಸುತ್ತಿದ್ದಳು. "ಏ ಸುವರ್ಣಾ, ಕೇಳ" ಎಂದು ಶುರುವಾಗುತ್ತಿತ್ತು, ಹಿಂದೆ ಹೊಲಿಗೆ ಮಷೀನಿನ ಸದ್ದು. ಅವಳು ಬರೆದು ಕಳಿಸಿದ ಒಂದು ಅಕ್ಷರವನ್ನೂ ನಾನು ನೋಡಿರಲಿಲ್ಲ. ಇದನ್ನು ನಾನು ಎಲ್ಲರಿಗಿಂತ ಚೆನ್ನಾಗಿ ಬಲ್ಲೆ. ಬಲ್ಲೆನಾದ್ದರಿಂದಲೇ ಮುಂದಿನದನ್ನು ಹೇಳುವಾಗ ಇಂದಿಗೂ ಕಿವಿ ಬಿಸಿಯಾಗುತ್ತವೆ.

ನಾಗರ ಪಂಚಮಿ ಹತ್ತಿರ ಬಂದಿತ್ತು. ವರ್ಷದಲ್ಲಿ ನಮಗೆ ಅದೇ ಹಂಗಾಮು. ತವರಿಗೆ ಬರುವ ಮಗಳಿಗೊಂದು, ಸೊಸೆಗೊಂದು ಎಂದು ಎಲ್ಲರೂ ಸೀರೆ ಕೇಳುವ ಕಾಲ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಗಂಜಿ ಕುಡಿಸಿದ ನೂಲು ಒಣಗದೆ ಮನೆಯೆಲ್ಲ ಅದೇ ತಂಪು ವಾಸನೆ. ನಾನು ಶಿರಹಟ್ಟಿಗೆ ಹೋಗಬೇಕಾದ ಸೀರೆಗಳನ್ನು ಕಟ್ಟುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಶಮೀಮಳ ಹೆಸರು, ಶಮೀಮಳ ಫೋಟೊ.

'ಅಕ್ಕಾ ನಮಸ್ಕಾರ. ನನ್ನ ಕೋಡ್ ತಪ್ಪಿ ನಿಮ್ಮ ನಂಬರಿಗೆ ಬಂದಿದೆ. ದಯವಿಟ್ಟು ಬೇಗ ಕಳಿಸಿ, ಅರ್ಜೆಂಟ್ ಇದೆ' ಎಂದು ಬರೆದಿತ್ತು.

ಅವಳು ನನಗೆ ಅಕ್ಕಾ ಎಂದವಳೇ ಅಲ್ಲ. ನಮಸ್ಕಾರ ಎಂದು ನಮ್ಮಿಬ್ಬರ ನಡುವೆ ಯಾವಾಗ ಬಂದಿತ್ತು? ಯಾರ ಕೈಯಿಂದಲೋ ಬರೆಸಿರಬೇಕು ಎಂದುಕೊಂಡೆ. ಆದರೂ ಆ ಆ್ಯಪಿನಿಂದಲೇ ಒಂದು ಸಲ ಫೋನು ಹಚ್ಚಿದೆ. ಅತ್ತಲಿಂದ ಕಟ್ ಆಯಿತು. ಕೂಡಲೇ ಮತ್ತೊಂದು ಮೆಸೇಜು: 'ಆಸ್ಪತ್ರೆಯಲ್ಲಿ ಇದ್ದೇನೆ, ಮಾತಾಡಲು ಆಗಲ್ಲ. ಬೇಗ ಅಕ್ಕಾ.'

ಶಮೀಮಳ ತಾಯಿಗೆ ಸಕ್ಕರೆ ಕಾಯಿಲೆ ಇತ್ತು. ಆಸ್ಪತ್ರೆ ಎಂದ ಕೂಡಲೇ ನನಗೆ ಆ ಮುದುಕಿಯ ಮುಖ ಕಣ್ಣ ಮುಂದೆ ಬಂತು. ನನ್ನ ಮೊಬೈಲಿಗೆ ಖರೇನೇ ಒಂದು ಕೋಡ್ ಬಂದಿತ್ತು. ಅಂಕಿಗಳ ಕೆಳಗೆ, ಇದನ್ನು ಯಾರಿಗೂ ಕೊಡಬೇಡಿ ಎಂದು ಬರೆದಿತ್ತು. ನಾನು ಅದನ್ನು ಓದಿದೆ. ಓದಿಯೇ ಆ ಅಂಕಿಗಳನ್ನು ಕಳಿಸಿದೆ.

ಸ್ವಲ್ಪ ಹೊತ್ತಿನಲ್ಲಿ ನನ್ನ ಮೆಸೇಜ್ ಆ್ಯಪ್ ತಾನಾಗಿ ಮುಚ್ಚಿಕೊಂಡಿತು. ಈ ನಂಬರು ಈಗ ಬೇರೆ ಫೋನಿನಲ್ಲಿದೆ ಎಂದು ತೋರಿಸಿತು. ತೆರೆಯಲು ಹೋದರೆ, ನಾನೆಂದೂ ಇಡದ ಒಂದು ಪಿನ್ ಕೇಳಿತು. ಕೊಡೆ ಹಿಡಿದು ಹತ್ತಿರದ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವನು ನೋಡಿದವನೇ, "ಕೋಡ್ ಯಾರಿಗರೆ ಕೊಟ್ಟೀರೇನ್ರಿ?" ಎಂದು ಕೇಳಿದ.

"ಇಲ್ಲ" ಅಂದೆ.

ಯಾಕೆ ಹಾಗೆ ಅಂದೆನೋ. ಅಂಗಡಿಯಲ್ಲಿ ಇನ್ನೂ ಗಿರಾಕಿಗಳಿದ್ದರು, ಅದಕ್ಕಿರಬೇಕು. ಅವನು ನನ್ನ ಮುಖ ನೋಡಿ, "ಕೊಟ್ಟಿದ್ದರ ನಿಮ್ಮ ಹೆಸರಲೆ ಮಂದಿಗೆ ರೊಕ್ಕ ಕೇಳತಾರ. ಲಗೂನ ಎಲ್ಲಾರಿಗೂ ಫೋನ್ ಮಾಡಿ ಹೇಳಿಬಿಡ್ರಿ" ಅಂದ. ಹೂಂ ಎಂದು ಮನೆಗೆ ಬಂದೆ.

ಈರಣ್ಣನಿಗೆ ಹೇಳಿದೆ. ಅವರು ಮಗ್ಗ ನಿಲ್ಲಿಸಿದರು. ಆಮೇಲೆ, "ಯಾರ ಮುಂದೂ ಈಗ ಅನಾಕ ಹೋಗಬ್ಯಾಡ. ಪಂಚಮಿ ಮುಂದ ಐತಿ. ಸೀರಿ ಸುವರ್ಣಕ್ಕಂದ ಮೊಬೈಲ್ ಕಳವಾಗೇತಿ ಅಂದರ ಯಾರು ಸೀರಿ ತಗೊಂತಾರ?" ಅಂದರು.

"ಅಂಗಡಿಯಾಂವ ಎಲ್ಲಾರಿಗೂ ಹೇಳ್ರಿ ಅಂದ."

"ಸಂಜಿತನಕ ನೋಡೂಣು. ತಾನ ಸರಿ ಆಗಬಹುದು."

ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಲಾರೆ. ಅವರು ಸುಮ್ಮನಿರು ಅಂದದ್ದು ನನಗೂ ಬೇಕಾಗಿತ್ತು. ಮೆಸೇಜು ಹೋಗಿದ್ದರೂ ಮಾತಾಡುವ ಫೋನು ನನ್ನ ಕೈಯಲ್ಲೇ ಇತ್ತು. ಒಬ್ಬೊಬ್ಬರಿಗೆ ಹಚ್ಚಿ ಹೇಳಬಹುದಿತ್ತು. ಆದರೆ ಹೇಗೆ ಶುರು ಮಾಡುವುದು? ಕೋಡ್ ಕೊಟ್ಟೆ ಎಂದು ಹೇಳಿದರೆ ನಗುತ್ತಾರೆ. ಇಷ್ಟು ದಿನ ಮೊಬೈಲಿನಲ್ಲಿ ವ್ಯಾಪಾರ ಮಾಡಿದವಳಿಗೆ ಇಷ್ಟೂ ತಿಳಿಯಲಿಲ್ಲವೇ ಎನ್ನುತ್ತಾರೆ. ಕಟ್ಟಿದ್ದ ಸೀರೆಗಳನ್ನು ಬಿಚ್ಚಿ, ಮತ್ತೆ ಕಟ್ಟುತ್ತಾ ಕೂತೆ.

ಮೊದಲ ಫೋನು ಶಿರಹಟ್ಟಿಯ ನಿರ್ಮಲಾ ಟೀಚರದು. ಅಂಗನವಾಡಿ ನಡೆಸುವವರು, ನನ್ನ ಹಳೆಯ ಗಿರಾಕಿ.

"ಸುವರ್ಣಕ್ಕಾ, ರೊಕ್ಕ ಹಾಕೇನ್ರಿ. ಮುಟ್ಟಿತಿಲ್ಲೋ?"

"ಯಾವ ರೊಕ್ಕರಿ?"

"ಅಲ್ಲ, ನೀವ ಹಾಕೀರಲ್ಲ ಮೆಸೇಜು, ಪಂಚಮಿಗೆ ಅರ್ಧ ರೇಟು, ಇವತ್ತೊಂದ ದಿನ ಅಂತ. ಹಳೇ ಸ್ಕ್ಯಾನರ್ ಕೆಟ್ಟೈತಿ, ಇದಕ್ಕ ಹಾಕ್ರಿ ಅಂತ ಹೊಸಾದು ಕಳಿಸೀರಿ. ಯಾವನೋ ಬ್ಯಾರೆ ಹೆಸರು ಬಂತು. ನಿಮ್ಮ ಮೈದುನಂದು ಇರಬೇಕು ಅಂತ ನಾ ಹಾಕಿಬಿಟ್ಟೆ."

ಅವರಿಗೆ ಆಗಲೇ ಹೇಳಬೇಕಿತ್ತು. "ನೋಡಿ ಹೇಳತೇನ್ರಿ" ಎಂದು ಫೋನಿಟ್ಟೆ. ಆಮೇಲೆ ಇನ್ನೊಂದು ಫೋನು ಬಂತು. ಅದರ ಬೆನ್ನಿಗೇ ಮತ್ತೊಂದು. ನಾನು ಮೊಬೈಲಿನ ಸದ್ದು ಆರಿಸಿ ಕಪಾಟಿನಲ್ಲಿಟ್ಟು ಒಲೆಯ ಮುಂದೆ ಕೂತೆ. ಯಾರಿಗೂ ಬೇಡವಾದ ಅಡಿಗೆ ಮಾಡಿದೆ.

ಮಧ್ಯಾಹ್ನ ಇಳಿದ ಮೇಲೆ ಬಾಗಿಲಲ್ಲಿ ಯಾರೋ ಕೊಡೆ ಝಾಡಿಸಿದರು. ಶಮೀಮ್. ಬುರ್ಖಾದ ಅಂಚೆಲ್ಲ ಕೆಸರು. ಲಕ್ಷ್ಮೇಶ್ವರದಿಂದ ಬಸ್ಸು ಹಿಡಿದು ಬಂದಿದ್ದಳು.

"ಏ ಸುವರ್ಣಾ, ನಿನ್ನ ಫೋನಿಗೇನಾಗೇತಿ? ಎಷ್ಟ ಹಚ್ಚಿದೆ. ನಂದು ಮೆಸೇಜು ಯಾರೋ ಕದ್ದಾರ. ಕೋಡ್ ಕೇಳಿದರ ಕೊಡಬ್ಯಾಡ ಅಂತ ಹೇಳಾಕ ಬಂದೇನಿ."

ಅವಳು ನನ್ನನ್ನು ನೋಡಿದಳು. ಮಗ್ಗದಲ್ಲಿ ಸುಮ್ಮನೆ ಕೂತ ಈರಣ್ಣನನ್ನು ನೋಡಿದಳು.

"ಕೊಟ್ಟಿ?"

"ಕೊಟ್ಟೆ. ನಿಮ್ಮವ್ವ ಆಸ್ಪತ್ರಿಯಾಗ ಅದಾಳ ಅಂತ ತಿಳಕೊಂಡೆ."

"ನನ್ನ ಅಮ್ಮಾ ಮನ್ಯಾಗ ಕುಂತು ಚಾ ಕುಡ್ಯಾಕತ್ತಾಳ" ಎಂದು ಶಮೀಮ್ ಗೋಡೆಗೆ ಒರಗಿ ಕೂತಳು. "ನಾನೂ ಕೊಟ್ಟೇನಿ. ನಮ್ಮ ನಾದಿನಿ ಹೆಸರಲೆ ಬಂತು. ಆಕಿಗೂ ಯಾರದೋ ಹೆಸರಲೆ ಬಂದಿತ್ತಂತ. ಮತ್ತ ನಿನ್ನ ಗಿರಾಕಿಗೋಳಿಗೆ ಹೇಳಿದಿ?"

"ಇಲ್ಲ."

"ಯಾಕ?"

"ನಾಚಿಕಿ ಬಂತು."

ಅವಳು ಬೈದಿದ್ದರೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ. "ನನಗ ನಾಚಿಕಿ ಬಂದಿಲ್ಲೇನ? ಬಸ್ಸಿನ್ಯಾಗ ಅಳಕೋಂತ ಬಂದೇನಿ. ಫೋನ್ ತಾ ಇಲ್ಲಿ" ಅಂದಳು.

ನಾವಿಬ್ಬರೂ ಕೂತು ಫೋನು ಹಚ್ಚತೊಡಗಿದೆವು. ಅವಳು ಹಚ್ಚುವುದು, ನಾನು ಮಾತಾಡುವುದು. ಮೊದಲನೆಯವರಿಗೆ ಹೇಳುವಾಗ ಸುತ್ತಿ ಬಳಸಿ ಹೇಳಿದೆ. ಶಮೀಮ್ ನನ್ನ ಮೊಣಕೈ ತಿವಿದು, "ಸೀದಾ ಹೇಳ" ಅಂದಳು. ಆಮೇಲೆ, "ನಾ ಸುವರ್ಣಾ. ನನಗ ಮೋಸ ಆಗೇತಿ. ನನ್ನ ಹೆಸರಲೆ ಬಂದ ಮೆಸೇಜಿಗೆ ರೊಕ್ಕ ಹಾಕಬ್ಯಾಡ್ರಿ" ಎಂದು ಹೇಳುವುದನ್ನು ಕಲಿತೆ. ಕೆಲವರು, ದೇವರು ದೊಡ್ಡವ, ಇನ್ನೂ ಹಾಕಿರಲಿಲ್ಲ ಎಂದರು. ಕೆಲವರು ಅತ್ತರು. ಒಬ್ಬಳು ನಾನು ಹೇಳುವುದನ್ನು ಕೇಳದೆ, "ನೀನ ಮಾಡಿ ಈಗ ನಾಟಕ ಹಚ್ಚಿ" ಎಂದು ಫೋನಿಟ್ಟಳು. ಈರಣ್ಣ ಎಲ್ಲವನ್ನೂ ಕೇಳುತ್ತಾ ಕೂತಿದ್ದರು. ಕೊನೆಗೆ ಎದ್ದು ಅಂಗಿ ಹಾಕಿಕೊಂಡು, "ನಡೀರಿ, ಪೊಲೀಸರ ಕಡೆ ಹೋಗೂಣು" ಅಂದರು.

ಗದಗಿನ ಠಾಣೆಯಲ್ಲಿ ಒಬ್ಬ ಹೆಣ್ಣುಮಗಳು ದೂರು ಬರೆದುಕೊಂಡಳು. ನನಗೆ ಮಗಳಾಗುವ ವಯಸ್ಸಿನವಳು, ಮೃದುವಾಗಿ ಮಾತಾಡಿದಳು. ದುಡ್ಡು ಕಳಕೊಂಡವರೆಲ್ಲ ತಕ್ಷಣ ಸೈಬರ್ ದೂರಿನ ನಂಬರಿಗೆ ತಾವೇ ಹೇಳಬೇಕು, ಕಳ್ಳರು ತೆಗೆಯುವುದರೊಳಗೆ ಹೇಳಿದರೆ ದುಡ್ಡನ್ನು ದಾರಿಯಲ್ಲೇ ತಡೆಯಲು ಬರುತ್ತದೆ ಎಂದಳು. ಆಮೇಲೆ, "ನಿಮಗ ಯಾವಾಗ ಗೊತ್ತಾತ್ರಿ ಅಕ್ಕಾರ?" ಎಂದು ಕೇಳಿದಳು.

"ಬೆಳಿಗ್ಗೆ."

ಅವಳ ಪೆನ್ನು ನಿಂತಿತು. "ಬೆಳಿಗ್ಗೇನ ಹೇಳಿದ್ದರ ಭಾಳ ಮಂದೀದು ಉಳೀತಿತ್ತರಿ" ಅಂದಳು. ಅಷ್ಟೇ. ಆಕ್ಷೇಪಣೆಯ ದನಿಯಲ್ಲ, ಮಳೆ ಬಂದರೆ ತೊಯ್ಯುತ್ತದೆ ಎಂಬಷ್ಟು ಸಹಜವಾಗಿ.

ಫೋನು ಎತ್ತದವರು ಕೆಲವರು ಉಳಿದಿದ್ದರು. ಅವರ ಮನೆಗಳಿಗೇ ಹೋಗುವುದೆಂದು ನಾನೂ ಶಮೀಮೂ ನಿರ್ಧರಿಸಿದೆವು. ಪಂಚಮಿಯ ಉಂಡಿ ಕಟ್ಟುವ ಬದಲು ಮಲ್ಲಸಮುದ್ರದ ದಾರಿ ಹಿಡಿದೆವು, ಲಕ್ಷ್ಮೇಶ್ವರಕ್ಕೆ ಹೋದೆವು. ಊರೂರಲ್ಲಿ ಹೆಂಗಸರು ಜೋಕಾಲಿ ಕಟ್ಟಿ ಆಡುತ್ತಿದ್ದರು. ನಾವು ಮನೆ ಮನೆಯ ಕಟ್ಟೆಯ ಮೇಲೆ ನಿಂತು ನಮ್ಮ ಕತೆ ಹೇಳಿದೆವು.

ಅಡರಕಟ್ಟಿಯಲ್ಲಿ ಗಂಗವ್ವ ಎಂಬಾಕೆಯ ಮನೆ. ಮಗಳು ರೇಣುಕಾಳ ಮೊಬೈಲಿನಿಂದ ನನ್ನ ಗ್ರೂಪಿನಲ್ಲಿ ಇದ್ದವಳು. ಒಂದೆರಡು ಸೀರೆ ತೆಗೆದುಕೊಂಡಿದ್ದಳು, ಮುಖಾಮುಖಿ ನೋಡಿರಲಿಲ್ಲ. ನಾವು ಹೋದಾಗ ಅಂಗಳದಲ್ಲಿ ಹೆಸರಿನ ಕಾಯಿ ಬಡಿಯುತ್ತಿದ್ದಳು. ಮಳೆಗೆ ತೊಯ್ದ ಹೊಟ್ಟು ಗೋಡೆಯ ಬುಡದಲ್ಲಿ ಬಿದ್ದಿತ್ತು. ನನ್ನನ್ನು ಕಂಡ ಕೂಡಲೇ ಕೋಲು ಕೆಳಗಿಟ್ಟು, ಮುಖವರಳಿಸಿ ಎದ್ದಳು.

"ಬಾ ತಾಯಿ, ಬಾ. ಫೋಟೋದಾಗ ಇದ್ದಂಗ ಅದಿ. ನೀನ ಬರತಿ ಅಂತ ರೇಣುಕಾಗ ಹೇಳಿದ್ದೆ. ಸೀರಿ ತಂದಿ ಹೌದಲ್ಲ?"

ನಾನು ಶಮೀಮಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

ಗಂಗವ್ವ ಒಳಗೆ ಕೂಗಿ ಚಹಾ ಇಡಲು ಹೇಳಿ, ಚಾಪೆ ಹಾಸಿದಳು. ಮಗಳಿಗೆ ಚೊಚ್ಚಲ ಬಸುರು, ವಾರದಲ್ಲೇ ಕುಬಸ ಇಟ್ಟುಕೊಂಡಿದ್ದಾರೆ, ಮಗಳನ್ನು ಹಸಿರು ಸೀರೆ ಉಡಿಸಿ ಕೂಡ್ರಿಸಿ ಊರ ಹೆಂಗಸರಿಂದ ಆರತಿ ಮಾಡಿಸಬೇಕು, ಆ ಸೀರೆ ಮಗ್ಗದ್ದೇ ಆಗಬೇಕೆಂದು ತನ್ನ ಆಸೆ. ತುಪ್ಪ ಮಾರಿ ಗಂಡನಿಗೆ ತಿಳಿಯದಂತೆ ಕೂಡಿಟ್ಟ ದುಡ್ಡನ್ನು ರೇಣುಕಾಳ ಕೈಯಿಂದ ಕಳಿಸಿದ್ದಾಳೆ. ಎಲ್ಲವನ್ನೂ ಅವಳೇ ಹೇಳಿದಳು, ನನಗೆ ಹೇಳಲು ಜಾಗ ಬಿಡಲಿಲ್ಲ. ಅಥವಾ ನಾನೇ ಜಾಗ ಹುಡುಕಲಿಲ್ಲ.

"ಸೀರಿ ತಂದಿಲ್ಲರಿ. ಆ ಮೆಸೇಜು ನಾ ಕಳಿಸಿದ್ದಲ್ಲ" ಅಂದೆ ಕೊನೆಗೆ.

ಅವಳಿಗೆ ತಿಳಿಯಲಿಲ್ಲ. "ನಿನ್ನ ಫೋಟೋನ ಇತ್ತಲ್ಲ?" ಅಂದಳು.

"ಫೋಟೋ ನಂದ. ಕಳಿಸಿದಾಂವ ಬ್ಯಾರೆ."

ಹೊರಗೆ ಬಂದು ನಿಂತ ರೇಣುಕಾಗೆ ತಿಳಿಯಿತು. ಬಾಗಿಲಿಗೆ ಕೈಯಿಟ್ಟು ನಿಂತಳು. ಅವಳೇ ತಾಯಿಗೆ ಬಿಡಿಸಿ ಹೇಳಿದಳು. ಗಂಗವ್ವ ಮೊದಲು ಕೇಳಿದ್ದು ದುಡ್ಡಿನ ಮಾತಲ್ಲ. "ರೇಣುಕಾನ ಅಪ್ಪಗ ಗೊತ್ತು ಮಾಡಬ್ಯಾಡ್ರಿ. ಯಾರ ಮುಂದೂ ಅನಬ್ಯಾಡ್ರಿ" ಅಂದಳು. ಆ ದನಿ ನನಗೆ ಚೆನ್ನಾಗಿ ಗೊತ್ತಿದ್ದ ದನಿ. ಎಲ್ಲರಿಗೂ ಹೇಳಬೇಕು, ದೂರು ಕೊಡಬೇಕು ಎಂದೆ. ರೇಣುಕಾ ಅಲ್ಲೇ ನಿಂತು ದೂರಿನ ನಂಬರಿಗೆ ಹಚ್ಚಿದಳು. ಯಾವ ಹೊತ್ತಿಗೆ ಹಾಕಿದಿರಿ ಎಂದು ಅತ್ತಲಿಂದ ಕೇಳಿದರು.

"ಊಟ ಆದ ಮ್ಯಾಲರಿ. ಮಧ್ಯಾಹ್ನ" ಅಂದಳು ರೇಣುಕಾ.

ಆ ಹೊತ್ತಿಗೆ ನನ್ನ ಮೊಬೈಲು ಕಪಾಟಿನಲ್ಲಿತ್ತು.

ಇದನ್ನು ಹೇಳದೆ ಎದ್ದು ಬರಬಹುದಿತ್ತು. ಗಂಗವ್ವ ಆಗಲೇ, "ಪಾಪ, ನಿನಗೂ ಮೋಸ ಆಗೇತಿ, ನೀ ಏನು ಮಾಡತಿ" ಎಂದು ಚಹಾದ ಬಟ್ಟಲು ನನ್ನ ಕಡೆ ಸರಿಸಿದ್ದಳು. ಆ ಬಟ್ಟಲನ್ನು ಮುಟ್ಟಲು ನನ್ನಿಂದ ಆಗಲಿಲ್ಲ.

"ಗಂಗವ್ವಾರ, ನನಗ ಬೆಳಿಗ್ಗೇನ ಗೊತ್ತಾಗಿತ್ತರಿ. ನಾಚಿಕಿ ಬಂದು ಯಾರಿಗೂ ಹೇಳಲಿಲ್ಲ. ಹೇಳಿದ್ದರ ನಿಮ್ಮ ರೊಕ್ಕ ಉಳೀತಿತ್ತು."

ಅವಳ ಮುಖ ನಿಧಾನವಾಗಿ ಬಿಗಿದುಕೊಂಡಿತು. ಹೆಸರಿನ ಹೊಟ್ಟನ್ನು ಬೆರಳಿನಿಂದ ಕೆದಕಿದಳು.

"ಆ ಮಷೀನಿನ ಮ್ಯಾಲ ನನಗ ನಂಬಿಕಿ ಇದ್ದಿಲ್ಲ. ನಿನ್ನ ಮಾರಿ ನೋಡಿ ಕೊಟ್ಟೆ" ಅಂದಳು.

ಮನೆಗೆ ಬಂದು ಈರಣ್ಣನಿಗೆ ಎಲ್ಲ ಹೇಳಿದೆ. ಅವರು ಅಂಗಡಿಯೊಂದರ ಬೇಡಿಕೆಗೆಂದು ಕೆಂಪು ಸೆರಗಿನ ಹಸಿರು ಸೀರೆ ನೇಯ್ದು ಮುಗಿಸಿದ್ದರು. ಸುಮ್ಮನಿರು ಎಂದು ತಾವು ಹೇಳಿದ್ದರ ಬಗ್ಗೆ ಅವರು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಅಂದೂ ಆಡಲಿಲ್ಲ. ಸೀರೆ ಮಡಚಿ ನನ್ನ ಮುಂದಿಟ್ಟು, "ಕುಬಸದ ದಿನ ಒಯ್ಯಿ" ಅಂದರು. ಇನ್ನೂ ಎಷ್ಟೋ ಮಂದಿ ಕಳಕೊಂಡಿದ್ದರು, ಎಲ್ಲರಿಗೂ ಹೀಗೆ ಕೊಡುವ ಶಕ್ತಿ ನಮಗಿರಲಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಕುಬಸದ ದಿನ ನಾನೊಬ್ಬಳೇ ಹೋದೆ. ಒಳಗೆ ಹೆಂಗಸರು ಹಾಡುತ್ತಿದ್ದರು. ಗಂಗವ್ವ ಹೊಸ್ತಿಲಿಗೆ ಬಂದು ನನ್ನನ್ನು ನೋಡಿ ನಿಂತಳು. ನಾನು ಸೀರೆಯ ಗಂಟು ಮುಂದೆ ಮಾಡಿದೆ. ಅವಳು ಅದನ್ನು ಮುಟ್ಟಲಿಲ್ಲ.

"ಸೀರಿ ತಂದೇವಿ. ಲಕ್ಷ್ಮೇಶ್ವರದ ಅಂಗಡ್ಯಾಗ, ಕೈಲೆ ಮುಟ್ಟಿ ನೋಡಿ ತಂದೇವಿ" ಅಂದಳು.

"ಇದು ಮಾರಾಕ ತಂದಿದ್ದಲ್ಲರಿ. ನಿಮ್ಮ ಮಗಳಿಗೆ..."

"ಪುಗಸಟ್ಟೆ ತಗೊಳ್ಳೂವಷ್ಟು ನಾವೇನು ಕೆಟ್ಟಿಲ್ಲವ್ವ."

ಬಾಗಿಲ ಸಂದಿಯಲ್ಲಿ ಕುರ್ಚಿಯ ಮೇಲೆ ಕೂತ ರೇಣುಕಾ ಕಂಡಳು. ಅಂಗಡಿಯ ಹಸಿರು ಸೀರೆ ಉಟ್ಟಿದ್ದಳು, ಕೈತುಂಬ ಬಳೆ. ನನ್ನನ್ನು ನೋಡಿ ಬನ್ನಿ ಎಂಬಂತೆ ತಲೆ ಅಲ್ಲಾಡಿಸಿದಳು. ನಾನು ಒಳಗೆ ಹೋಗಲಿಲ್ಲ. ಹೊರಳಿ ನಿಂತಾಗ ಗಂಗವ್ವ, "ನಿಲ್ಲು" ಅಂದಳು. ಒಳಗಿನಿಂದ ಕುಂಕುಮದ ಬಟ್ಟಲು ತಂದು ನನ್ನ ಹಣೆಗೆ ಹಚ್ಚಿದಳು. ಮುತ್ತೈದೆಯನ್ನು ಹಾಗೇ ಕಳಿಸಬಾರದೆಂದು ಹಚ್ಚಿದಳು. ಹಚ್ಚುವಾಗ ನನ್ನ ಹಣೆಯನ್ನು ನೋಡಿದಳು, ಕಣ್ಣನ್ನು ನೋಡಲಿಲ್ಲ. ಆ ಕುಂಕುಮ ಹೊತ್ತು ಬಸ್ಸಿನಲ್ಲಿ ಕೂತು ಬಂದೆ. ಸೀರೆ ಮರುದಿನ ಗದಗಿನ ಅಂಗಡಿಗೆ ಹೋಯಿತು. ಗಂಗವ್ವನ ದುಡ್ಡು ತಿರುಗಿ ಸಿಗಲಿಲ್ಲ. ಅವಳು ಮತ್ತೆ ನನ್ನ ಹತ್ತಿರ ಏನನ್ನೂ ಕೊಳ್ಳಲಿಲ್ಲ.

ಶ್ರಾವಣ ಮುಗಿಯುವುದರೊಳಗೆ ನನ್ನ ನಂಬರಿನ ಮೆಸೇಜು ನನಗೆ ಮರಳಿ ಸಿಕ್ಕಿತು. ತೆರೆದಾಗ ನನ್ನ ಹೆಸರಿನಲ್ಲಿ ಅವರು ಮಂದಿಗೆ ಬರೆದದ್ದೆಲ್ಲ ಓದಲು ಸಿಗುತ್ತದೆ ಎಂದುಕೊಂಡಿದ್ದೆ. ಏನೂ ಇರಲಿಲ್ಲ, ಖಾಲಿ. ಮಂದಿ ತಮ್ಮ ಮೊಬೈಲಿನಲ್ಲಿ ತೋರಿಸಿದ್ದನ್ನಷ್ಟೇ ನೋಡಿದೆ. 'ಅಕ್ಕಾ ಬೇಗ ಹಾಕಿ, ಸ್ಟಾಕ್ ಮುಗಿಯುತ್ತಿದೆ.' ನಾನೆಂದಾದರೂ ಹಾಗೆ ಮಾತಾಡಿದ್ದೆನೆ?

ಗ್ರೂಪಿಗೆ ವಿಡಿಯೋ ಮಾಡಿ ಕಳಿಸಲೆಂದು ಈರಣ್ಣ ಮೊಬೈಲು ಹಿಡಿದರು, ನಾನು ಮಗ್ಗದ ಪಕ್ಕ ನಿಂತು ಮಾತಾಡಿದೆ. ಸೆರಗು ಹೊದೆಯಲಿಲ್ಲ, ಹೊಸ ಸೀರೆ ಉಡಲಿಲ್ಲ. ಎರಡು ಸಲ ನಡುವೆ ನಿಲ್ಲಿಸಬೇಕಾಯಿತು. "ನನ್ನ ಗೆಳತಿ ಬರದ ಕಳಿಸಾಕಿ ಅಲ್ಲ, ಮಾತಾಡಿ ಕಳಿಸಾಕಿ. ಅಷ್ಟು ಗೊತ್ತಿದ್ದೂ ನಾ ಕೋಡ್ ಕೊಟ್ಟೆ. ನಾ ರೊಕ್ಕ ಮೊದಲ ಕೇಳಾಕಿ ಅಲ್ಲ, ಅಷ್ಟು ಗೊತ್ತಿದ್ದೂ ನೀವು ಹಾಕಿದ್ರಿ. ಗುರುತಿನವರು ಗುರುತಿಲ್ಲದಂಗ ಮಾತಾಡಾಕತ್ತರ ಅಲ್ಲೇ ನಿಲ್ರಿ. ಫೋನ್ ಹಚ್ಚಿ ದನಿ ಕೇಳ್ರಿ. ದನಿ ಕೊಡಾಕ ಒಲ್ಲೆ ಅಂದರ ಅವರಲ್ಲ ಅಂತ ತಿಳೀರಿ. ಲಗೂ ಲಗೂ ಅಂತ ಯಾರು ಅವಸರ ಮಾಡತಾರ, ಅವರು ನಿಮಗ ವಿಚಾರ ಮಾಡಾಕ ಹೊತ್ತು ಕೊಡಬಾರದು ಅಂತ ಮಾಡತಾರ. ಸ್ಕ್ಯಾನ್ ಮಾಡಿದಾಗ ಬ್ಯಾರೆ ಹೆಸರು ಬಂದರ ಮೈದುನ, ಮಾವ ಅಂತ ನೀವ ಸಂಬಂಧ ಹಚ್ಚಬ್ಯಾಡ್ರಿ. ಮತ್ತ ಮೋಸ ಆದರ ನನ್ನಂಗ ಮಾಡಬ್ಯಾಡ್ರಿ. ಅವತ್ತ, ಆ ಹೊತ್ತಿಗೇನ ಹೇಳ್ರಿ."

ಇದನ್ನು ನೋಡಿ ಹಲವರು ಗ್ರೂಪ್ ಬಿಟ್ಟು ಹೋದರು. ಒಬ್ಬೊಬ್ಬರು ಹೋದಂತೆ ಅವರ ಹೆಸರು ಪರದೆಯ ಮೇಲೆ ಬರುತ್ತಿತ್ತು, ನಾನು ಓದುತ್ತಿದ್ದೆ. ನಿರ್ಮಲಾ ಟೀಚರ್ ಮಾತ್ರ ಉಳಿದರು. ನಾನು ಫೋನು ಮಾಡಿ ಹೇಳಿದ ಸಂಜೆಯೇ ಅವರು ದೂರು ಕೊಟ್ಟಿದ್ದರು, ಅವರ ದುಡ್ಡಿನಲ್ಲಿ ಒಂದಿಷ್ಟು ಬಹಳ ತಿಂಗಳ ಮೇಲೆ ಮರಳಿತು. ಹೆಂಗಸರ ಸಂಘಗಳ ಸಭೆ ಇದ್ದಲ್ಲಿಗೆ ನನ್ನನ್ನು ಕರೆದುಕೊಂಡು ಹೋಗುವ ರೂಢಿ ಅವರಿಂದಲೇ ಶುರುವಾಯಿತು. ನಾನು ಒಲ್ಲೆ ಎಂದೆ. "ಶಾಣ್ಯಾರು ಬಂದು ಹೇಳಿದರ ಮಂದಿ ತೂಕಡಸತಾರ್ರಿ. ಮೋಸ ಹೋದಾಕಿ ನೀವು ಹೇಳ್ರಿ" ಎಂದರು. ಅದು ಹೊಗಳಿಕೆಯಲ್ಲ ಎಂದು ಗೊತ್ತಿದ್ದೇ ಹೋದೆ. ಪ್ರತಿ ಸಲವೂ, ಬೆಳಿಗ್ಗೆ ಗೊತ್ತಾಗಿತ್ತು ಎಂಬಲ್ಲಿಗೆ ಬಂದಾಗ ದನಿ ಸಣ್ಣದಾಗುತ್ತದೆ. ರೂಢಿಯಾಗುತ್ತದೆ ಎಂದುಕೊಂಡಿದ್ದೆ, ಆಗಿಲ್ಲ.

ಈ ಬೇಸಿಗೆಯಲ್ಲಿ ಮುಂಡರಗಿಗೆ ಹೋಗಿದ್ದೆವು. ಸಭೆ ಮುಗಿದು, ಚಹಾ ಕುಡಿದ ಲೋಟ ತೊಳೆಯಲು ನಾನು ಹಿಂದಿನ ನಲ್ಲಿಗೆ ಹೋದೆ. ಮಾತಾಡುವಾಗ ಬಾಗಿಲ ಹತ್ತಿರವೇ ಕೂತು ಮತ್ತೆ ಮತ್ತೆ ಮೊಬೈಲು ನೋಡುತ್ತಿದ್ದ ಒಬ್ಬ ಹೆಂಗಸು ಹಿಂದೆಯೇ ಬಂದಳು. ನೀಟಾಗಿ ಪಿನ್ ಹಾಕಿದ ಸೀರೆ, ಬಗಲಲ್ಲಿ ಚೀಲ. ಸುತ್ತ ಯಾರೂ ಇಲ್ಲವೆಂದು ನೋಡಿ ಮೊಬೈಲು ನನ್ನ ಮುಂದೆ ಹಿಡಿದಳು.

"ಇದೂ ಅಂಥಾದ್ದೇನ, ನೋಡ್ರಿ."

ಮನೆಯಲ್ಲಿ ಕೂತು ಮಾಡುವ ಕೆಲಸ ಎಂದು ಶುರುವಾಗಿತ್ತು. ಮೊದಲು ಅವರೇ ಸ್ವಲ್ಪ ದುಡ್ಡು ಹಾಕಿದ್ದರು. ಆಮೇಲೆ ಇವಳು ಹಾಕಬೇಕು, ಹಾಕಿದರೆ ಹೆಚ್ಚಾಗಿ ಬರುತ್ತದೆ. ಇವಳು ಹಾಕುತ್ತಾ ಹೋಗಿದ್ದಳು. ಕೊನೆಯ ಮೆಸೇಜಿನಲ್ಲಿ, ಇವತ್ತು ಬ್ಯಾಂಕು ಮುಚ್ಚುವುದರೊಳಗೆ ಉಳಿದದ್ದು ಕಟ್ಟದಿದ್ದರೆ ಹಿಂದಿನದೆಲ್ಲ ಹೋಗುತ್ತದೆ, ಮನೆಯವರಿಗೆ ಹೇಳಿದರೆ ಖಾತೆ ಮುಚ್ಚುತ್ತೇವೆ ಎಂದಿತ್ತು. ಅವಳ ಚೀಲದಲ್ಲಿ ಬಂಗಾರದ ಬಳೆಗಳಿದ್ದವು. ಅಡವಿಡಲು ಹೊರಟವಳು, ನಿರ್ಮಲಾ ಟೀಚರ್ ದಾರಿಯಲ್ಲಿ ಕರೆದರೆಂದು ಸಂಕೋಚಕ್ಕೆ ಸಭೆಗೆ ಬಂದು ಕೂತಿದ್ದಳು.

"ಇದೂ ಅಂಥಾದ್ದ ಐತಿ. ಕಟ್ಟಬ್ಯಾಡ್ರಿ" ಅಂದೆ. "ಮನ್ಯಾಗ ಹೇಳಬ್ಯಾಡ ಅಂತ ಬರದಾನಲ್ಲ, ಅದನ್ನ ನೋಡ್ರಿ. ಖರೇ ಕೆಲಸ ಕೊಡಾಂವ ಹಂಗ ಯಾಕ ಅಂದಾನು?"

"ಮದ್ಲ ಹಾಕಿದ್ದು?"

"ಅದು ಹೋದಂಗರಿ. ದೂರು ಕೊಡೂಣು, ಸಿಕ್ಕರ ಸಿಕ್ಕೀತು. ಕೈಯಾಗಿದ್ದದ್ದು ಉಳಿಸಿಕೋರಿ."

ಅವಳು ನಲ್ಲಿಯ ಕಟ್ಟೆಯ ಮೇಲೆ ಕೂತಳು. ಅವಳು ಬಿ.ಎ. ಓದಿದವಳಂತೆ. ನೆರೆಯ ಮಕ್ಕಳಿಗೆ ಪಾಠ ಹೇಳುತ್ತಾಳಂತೆ. "ನಮ್ಮ ಮನಿಯವರಿಗೆ ಏನಂತ ಹೇಳಲಿರಿ? ನನಗ ಹುಚ್ಚು ಹಿಡದಿತ್ತು ಅಂತ ಹೇಳಲೇನ?" ಎಂದಳು.

"ನಾಚಿಕಿ ಹೋಗೂದಿಲ್ಲರಿ, ನಂದೂ ಹೋಗಿಲ್ಲ. ಅದನ್ನ ಇಟಗೊಂಡ ಹೇಳ್ರಿ" ಅಂದೆ.

ಅವಳು ಮೊಬೈಲನ್ನು ಕೈಯಲ್ಲಿ ತಿರುಗಿಸುತ್ತಾ ಕೂತಳು. ಆ ಹೊತ್ತಿನಲ್ಲೇ ಅದು ಎರಡು ಸಲ ಸದ್ದು ಮಾಡಿತು, ಅತ್ತಲಿನವನು ಅವಸರ ಮಾಡುತ್ತಿದ್ದ. ಮೂರನೆಯ ಸಲ ಸದ್ದಾಗುವುದರೊಳಗೆ ಅವಳು ಗಂಡನ ನಂಬರಿಗೆ ಹಚ್ಚಿ ಕಿವಿಗಿಟ್ಟುಕೊಂಡಳು. ನಾನು ಎದ್ದು ಹೋಗಲು ನೋಡಿದರೆ ನನ್ನ ಸೆರಗಿನ ತುದಿ ಅವಳ ಮುಷ್ಟಿಯಲ್ಲಿತ್ತು.

"ಕೆಲಸದಾಗ ಅದೀರೇನು?" ಎಂದಳು. ಆ ಕಡೆಯ ಮಾತು ಕೇಳಿದಳು. ಕಣ್ಣು ಮುಚ್ಚಿಕೊಂಡಳು.

"ಒಂದು ಮಾತು ಹೇಳೂದೈತಿ. ಪೂರಾ ಕೇಳ್ರಿ, ಆಮ್ಯಾಲ ಸಿಟ್ಟಾಗ್ರಿ."